ತಿಸುಂಗೆಯ ಅಲಸಂದೆ

ಗುರುವಾರ ಬಂತೆಂದರೆ ಉಪಿಲೆಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಟೀ ತಂದಿಟ್ಟರೆ ಅದು ಆರಿ ಕೆನೆಗಟ್ಟುವ ತನಕ ಮುಟ್ಟುವಳಲ್ಲ. ಕಪಾಟು ತೆಗೆಯುವಳು, ಮುಚ್ಚುವಳು, ಕಿಟಕಿಗೆ ಹೋಗಿ ರಸ್ತೆ ನೋಡುವಳು, ಮತ್ತೆ ಬಂದು ಭೂತಗನ್ನಡಿಯ ಮೇಲೆ ಬಗ್ಗುವಳು. ನಾನು ಅದೇ ಮೇಜಿನ ಇನ್ನೊಂದು ತುದಿಯಲ್ಲಿ ಒಣಗಿದ ಗಿಡಗಳನ್ನು ಹಾಳೆಗೆ ಅಂಟಿಸುತ್ತ, ದಪ್ಪ ಕಾಂಡಗಳನ್ನು ಸೂಜಿದಾರದಲ್ಲಿ ಹೊಲಿಯುತ್ತ ಕೂತಿರುತ್ತಿದ್ದೆ. ಆ ಕೆಲಸಕ್ಕೆ ಮೇಜು ಅಲುಗಬಾರದು. ಉಪಿಲೆ ಇದ್ದ ಕಡೆ ಮೇಜು ಅಲುಗದೆ ಇರುವುದುಂಟೇ?

"ಒಂದ್ಕಡೆ ಕೂತ್ಕೊಳ್ಳೇ ತಾಯಿ. ಕಾಲಿಗೆ ಇರುವೆ ಕಚ್ಚಿದೆಯಾ?" ಎಂದೆ.

"ಅಗೋಗೋ ಬರೋ ಹೊತ್ತಾಯ್ತು, ಎಸ್ನಾತಿ ಅಕ್ಕ. ಆ ಕೆಂಪು ಹೊದಿಕೆ ಎಲ್ಲಿಟ್ಟೆ? ಅವರ ಕಣ್ಣಿಗೆ ಬೀಳೋದು ಬೇಡ."

ಅಗೋಗೋ, ಅಂದರೆ ಅಜ್ಜ, ಎಂದು ನಾವು ಕರೆಯುತ್ತಿದ್ದದ್ದು ಡಾಕ್ಟರ್ ಮಕ್ವಿಂಜಾ ಅವರನ್ನು. ನಮ್ಮ ಒಣಗಿಡಗಳ ಸಂಗ್ರಹವನ್ನು ಕಟ್ಟಿ ನಿಲ್ಲಿಸಿದವರು. ಅಲಸಂದೆ ಹೂವಿನ ಎಸಳು ಬಿಡಿಸಿ ನೋಡುವುದನ್ನು ಉಪಿಲೆಗೆ ಕಲಿಸಿದವರೂ ಅವರೇ. ನಿವೃತ್ತರಾಗಿ ಬಹಳ ವರ್ಷವಾದರೂ ಗುರುವಾರ ತಪ್ಪದೆ ಕೋಲೂರಿಕೊಂಡು ಬರುತ್ತಿದ್ದರು. ಮಿನಿಬಸ್ಸಿನ ಕಂಡಕ್ಟರ್ ನಮ್ಮ ಗೇಟಿನ ಹತ್ತಿರ "ಒಣಸೊಪ್ಪಿನ ಆಫೀಸು, ಇಳೀರಿ ಇಳೀರಿ!" ಎಂದು ಕೂಗುತ್ತಿದ್ದ. ಅವರು ಇಳಿಯುತ್ತಲೇ ತಿರುಗಿ, "ಆ ಸೊಪ್ಪಿಗೆ ನಿನ್ನ ಬಸ್ಸಿಗಿಂತ ವಯಸ್ಸು ಜಾಸ್ತಿ ಕಣೋ. ಆದರೂ ನಿನ್ನ ಬಸ್ಸಿನ ಹಾಗೆ ದಾರೀಲಿ ಉದುರಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆ ಕೆಂಪು ಹೊದಿಕೆಯೊಳಗೆ ಇದ್ದದ್ದು ಒಂದೇ ಒಂದು ಹಾಳೆ. ಹೊಸ ಗಿಡಕ್ಕೆ ಹೆಸರಿಡುವಾಗ ಯಾವ ಗಿಡವನ್ನು ಮುಂದಿಟ್ಟುಕೊಂಡು ಹೆಸರಿಟ್ಟರೋ ಆ ಹಾಳೆಯನ್ನು ಕೆಂಪು ಹೊದಿಕೆಯಲ್ಲಿ ಇಡುವುದು ನಮ್ಮ ಕಸುಬಿನ ರೂಢಿ. ಇದು ಕಾಡು ಅಲಸಂದೆಯ ಬಳ್ಳಿ. ಅಂಗೈಯಗಲದ, ನುಣ್ಣನೆಯ, ತೆಳು ಎಲೆಗಳು. ಸಾಮಾನ್ಯ ಕಾಡು ಅಲಸಂದೆಗೆ ಈಟಿಯ ಮೊನೆಯಂಥ ಸಣ್ಣ ಎಲೆ, ಮೈತುಂಬ ಒರಟು ಕೂದಲು. ಹಾಗಾಗಿ ಮಕ್ವಿಂಜಾ ಅವರು ಪ್ರಾಯದಲ್ಲಿದ್ದಾಗ ಇದನ್ನು ಬೇರೆಯೇ ಉಪಪ್ರಭೇದವೆಂದು ಪ್ರಕಟಿಸಿ, ತೀರಿಹೋಗಿದ್ದ ತಮ್ಮ ಹೆಂಡತಿ ತಿಸುಂಗೆಯ ಹೆಸರಿಟ್ಟಿದ್ದರು. ಮಕ್ಕಳಿರಲಿಲ್ಲ. ಮತ್ತೆ ಮದುವೆಯಾಗಲಿಲ್ಲ. ಅವಳ ಫೋಟೋ ಕೂಡ ಅವರ ಹತ್ತಿರ ಇರಲಿಲ್ಲ. ಆ ಹಾಳೆಯೊಂದೇ.

ಈಗ ದೇಶದ ಗಿಡಮರಗಳ ದೊಡ್ಡ ಪುಸ್ತಕ ಹೊಸದಾಗಿ ಬರುವುದಿತ್ತು. ಕಾಡು ಅಲಸಂದೆಯ ಭಾಗ ಉಪಿಲೆಯ ಪಾಲಿಗೆ ಬಂದಿತ್ತು. ಮಳೆಗಾಲ ಮುಗಿಯುವುದರೊಳಗೆ ಬರೆದು ಕಳಿಸಬೇಕು. ಅದೊಂದು ಗೋಜಲು. ಜರ್ಮನಿಯವನೊಬ್ಬ ಒಂದು ಹೆಸರಿಟ್ಟಿದ್ದಾನೆ, ಪೋರ್ಚುಗಲ್‌ನವನು ಅದೇ ಗಿಡಕ್ಕೆ ಇನ್ನೊಂದು, ಇಂಗ್ಲೆಂಡಿನವನು ಎರಡನ್ನೂ ಓದದೆ ಮಗದೊಂದು. ಯಾವ ಹೆಸರು ಉಳಿಯಬೇಕು, ಯಾವುದು ಅದರ ಕೆಳಗೆ ಬರೀ ಪರ್ಯಾಯ ಹೆಸರಾಗಿ ಸರಿಯಬೇಕು ಎಂದು ತೀರ್ಮಾನಿಸುವುದೇ ಉಪಿಲೆಯ ಕೆಲಸ. ಸತ್ತುಹೋದ ಬಿಳಿಯರ ಹೆಸರುಗಳನ್ನು ಅವಳು ಒಂದು ಚೂರೂ ಕನಿಕರವಿಲ್ಲದೆ ಇಳಿಸಿದಳು. ತಿಸುಂಗೆಯ ಹತ್ತಿರ ಬಂದು ನಿಂತುಬಿಟ್ಟಳು.

"ಇರಲಿ ಬಿಡೇ," ಎಂದೆ ನಾನು. "ಒಂದು ಹೆಸರು ಇದ್ದರೆ ಪುಸ್ತಕಕ್ಕೇನು ಭಾರವಾ? ಮುದುಕರು ಕಣ್ಣು ಮುಚ್ಚೋ ಮುಂಚೆ ಹೆಂಡತಿ ಹೆಸರನ್ನ ಅಚ್ಚಲ್ಲಿ ನೋಡ್ಕೊಳ್ಳಲಿ."

"ಹೆಸರಿದ್ರೆ ಜನ ಹುಡುಕ್ಕೊಂಡು ಬರ್ತಾರೆ ಅಕ್ಕ. ಕಾಳಿಗೆ ಹುಳ ಬೀಳದ ತಳಿ ಮಾಡೋರು ಈಗಾಗ್ಲೇ ಎರಡು ಸಲ ಕೇಳಿದಾರೆ, ತಿಸುಂಗೆ ಅಲಸಂದೆ ಬೀಜ ಕಳಿಸಿ ಅಂತ. ಎಲ್ಲಿಂದ ತರ್ಲಿ? ಚಿಲೊಂಬೆ ಗುಡ್ಡ ಪೂರ್ತಿ ಕಾಲಲ್ಲಿ ಅಳೆದೆ. ಸಿಕ್ಕಿದ್ದೆಲ್ಲ ಅದೇ ಸಣ್ಣೆಲೆದು."

ಚಿಲೊಂಬೆ ನನ್ನ ತಾಯಿಯ ಊರು. ಹಾಳೆಯ ಚೀಟಿಯಲ್ಲಿ 'ಚಿಲೊಂಬೆ ಗುಡ್ಡ' ಎಂದಷ್ಟೇ ಇತ್ತು. ಉಪಿಲೆ ಹಿಂದಿನ ಮಳೆಗಾಲದ ಕೊನೆಯಲ್ಲಿ ಅಲ್ಲೆಲ್ಲ ತಿರುಗಿ, ಕಾಯಿ ಸಿಡಿದು ಬೀಜ ಹಾರಿಹೋಗದಂತೆ ಕಾಗದದ ಚೀಲ ಕಟ್ಟಿ, ಸಣ್ಣೆಲೆಯ ಬಳ್ಳಿಯ ಬೀಜವನ್ನಷ್ಟೇ ತಂದಿದ್ದಳು. ಅಜ್ಜನನ್ನು ಕೇಳಿದರೆ ಅವರು ಕನ್ನಡಕ ಒರೆಸಿಕೊಳ್ಳುತ್ತ, "ಗುಡ್ಡ ಅಂದ್ರೆ ಗುಡ್ಡ ತಾಯಿ. ಹುಡುಕು, ಸಿಗುತ್ತೆ" ಎನ್ನುತ್ತಿದ್ದರು. ಆಮೇಲೆ ಮೆಲ್ಲಗೆ, "ಪುಸ್ತಕದಲ್ಲಿ ಅವಳು ಯಾವ ಪುಟಕ್ಕೆ ಬರ್ತಾಳೆ?" ಎಂದು ಕೇಳುತ್ತಿದ್ದರು. ಉಪಿಲೆ ಆಗ ಇಲ್ಲದ ಕೆಲಸ ಹುಡುಕಿಕೊಂಡು ಹೊರಗೆ ಹೋಗಿಬಿಡುತ್ತಿದ್ದಳು.

ಮಳೆ ಹಿಡಿದ ಮೇಲೆ ಚಿಲೊಂಬೆಯಲ್ಲಿ ನನ್ನ ದೊಡ್ಡಮ್ಮ ತೀರಿಕೊಂಡಳು. ಉಪಿಲೆಯೂ ನನ್ನ ಜೊತೆ ಬಂದಳು. ಸಾವಿಗೆ ಹೋಗದವರನ್ನು ನಮ್ಮಲ್ಲಿ ಮನುಷ್ಯರೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ನಮ್ಮ ಸ್ಮಶಾನ ಅಂದರೆ ಒಂದು ತೋಪು. ಸುತ್ತಲಿನ ಗುಡ್ಡವನ್ನು ಜನ ಪ್ರತಿ ವರ್ಷ ಬೇಸಿಗೆಯಲ್ಲಿ ಸುಡುತ್ತಾರೆ, ಇಲಿ ಹಿಡಿಯಲಿಕ್ಕೆ, ಹುಲ್ಲು ಚಿಗುರಲಿಕ್ಕೆ, ಸುಮ್ಮನೆ ಚಟಕ್ಕೂ. ತೋಪಿಗೆ ಮಾತ್ರ ಬೆಂಕಿ ಮುಟ್ಟಿಸುವುದಿಲ್ಲ, ಕೊಡಲಿ ಮುಟ್ಟಿಸುವುದಿಲ್ಲ. ಒಳಗೆ ಹೋಗುವಾಗ ಮುಂದಿನವರ ಹಿಮ್ಮಡಿ ನೋಡಿಕೊಂಡು ಹೋಗಬೇಕು, ತಲೆ ಎತ್ತಬಾರದು. ಬರುವಾಗ ಹಿಂತಿರುಗಿ ನೋಡಬಾರದು. ಅಲ್ಲಿಂದ ಒಂದು ಕಡ್ಡಿಯನ್ನೂ ಹೊರಗೆ ತರುವಂತಿಲ್ಲ. ಚಿಲೊಂಬೆಯ ಹೆಂಗಸರು ತೋಪಿನ ಅಂಚಿನಲ್ಲಿ ನಿಂತು ಒಬ್ಬರ ಬಟ್ಟೆಗೆ ಅಂಟಿದ ಹುಲ್ಲಿನ ಬೀಜವನ್ನು ಇನ್ನೊಬ್ಬರು ಕಿತ್ತು ಒಳಕ್ಕೇ ಎಸೆದು ಬರುತ್ತಾರೆ. ಹುಟ್ಟಿದಂದಿನಿಂದ ನಾನು ಆ ತೋಪಿಗೆ ಹೋಗುತ್ತಲೇ ಇದ್ದೇನೆ. ಅಲ್ಲಿನ ಮರಗಳು ಹೇಗಿವೆ ಎಂದು ಕೇಳಿದರೆ ಬುಡ ಮಾತ್ರ ಹೇಳಬಲ್ಲೆ.

ದೊಡ್ಡಮ್ಮನ ಮೇಲೆ ಮಣ್ಣು ಬೀಳುತ್ತಿರುವಾಗ, ಹೆಂಗಸರೆಲ್ಲ ಹಾಡು ಹಿಡಿದಿರುವಾಗ, ನನ್ನ ಪಕ್ಕದಲ್ಲಿ ಕೂತಿದ್ದ ಉಪಿಲೆ ತಲೆ ಎತ್ತಿದಳು. ಎತ್ತಿದವಳು ಇಳಿಸಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು. ನಾನು ತಿವಿದೆ. ಹಿಂದಿನಿಂದ ಒಬ್ಬಳು ಮುದುಕಿ, "ಯಾರ ಮಗಳೇ ಇದು? ಹಕ್ಕಿ ಎಣಿಸೋಕೆ ಬಂದಿದಾಳಾ?" ಎಂದು ಗೊಣಗಿದಳು. ಉಪಿಲೆ ನನ್ನ ಮೊಣಕೈ ಹಿಡಿದು ಉಗುರು ನೆಟ್ಟಳು.

"ಅಕ್ಕ. ಮೇಲೆ."

"ಸುಮ್ನಿರೇ!"

"ಅಕ್ಕ, ಅಗಲ ಎಲೆ. ಅದೇ. ಮರ ಹತ್ತಿದೆ."

ಕಳ್ಳಿಯಂತೆ ನಾನೂ ಕಣ್ಣೆತ್ತಿದೆ. ತಿಳಿನೇರಳೆ ಹೂವು ಬಿಟ್ಟುಕೊಂಡು, ಅಂಗೈಯಗಲದ ಎಲೆಗಳ ಬಳ್ಳಿ ಕೊಂಬೆಯಿಂದ ಕೊಂಬೆಗೆ ಹಬ್ಬಿತ್ತು. ಅದರ ಬುಡ ಹುಡುಕುತ್ತ ಕಣ್ಣು ಕೆಳಗಿಳಿಸಿದರೆ, ಬಳ್ಳಿ ಹೊರಟಿದ್ದು ಬಣ್ಣ ಹೋದ ಒಂದು ಹಳೆಯ ಸಮಾಧಿಯ ಪಕ್ಕದಿಂದ. ಆ ಸಮಾಧಿ ಯಾರದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮದುವೆಯಾದ ಗಂಡಸು ಹೆಂಡತಿಯ ಊರಿಗೆ ಹೋಗಿ ಬಾಳುವುದು, ಹೆಣ್ಣುಮಕ್ಕಳು ತಾಯಿಯ ಊರಿನಲ್ಲೇ ಮಣ್ಣಾಗುವುದು ನಮ್ಮ ಪದ್ಧತಿ. ತಿಸುಂಗೆ ಚಿಲೊಂಬೆಯವಳು, ನನ್ನ ದೊಡ್ಡಮ್ಮನ ಓರಗೆಯವಳು.

ಎಲ್ಲ ಮುಗಿದು ಊಟಕ್ಕೆ ಕೂತಾಗ ಉಪಿಲೆ ನ್ಸಿಮಾ ಮುದ್ದೆಯನ್ನು ಬೆರಳಲ್ಲಿ ಉರುಟುತ್ತಲೇ ಇದ್ದಳು, ಬಾಯಿಗೆ ಹಾಕಲಿಲ್ಲ. ಕೊನೆಗೆ ಎದ್ದು ಗುಂಡಿ ತೋಡುವವರ ಗುಂಪಿಗೇ ಹೋದಳು. ನಮ್ಮಲ್ಲಿ ಅವರನ್ನು 'ಮೊಮ್ಮಕ್ಕಳು' ಎನ್ನುತ್ತಾರೆ. ತೋಪು ಅವರ ಸುಪರ್ದಿಯಲ್ಲಿರುತ್ತದೆ. ಸಾವಿನ ಮನೆಯಲ್ಲಿ ಯಾರನ್ನು ಬೇಕಾದರೂ ಗೇಲಿ ಮಾಡುವ ಹಕ್ಕೂ ಅವರಿಗಿದೆ. ಅವರ ಮುಖ್ಯಸ್ಥ ಕಾಚಿಂಗ್ವೆ, ಬಾಕಿ ದಿನಗಳಲ್ಲಿ ಸೈಕಲ್ಲಿನ ಹಿಂದೆ ಜನರನ್ನು ಕೂರಿಸಿಕೊಂಡು ಬಾಡಿಗೆ ಹೊಡೆಯುವವನು.

"ಬಾಂಬೊ, ಯಜಮಾನರೇ, ಆ ಬಳ್ಳಿಯ ಒಂದು ಕಾಯಿ ಬೇಕಿತ್ತು," ಎಂದಳು ಉಪಿಲೆ.

"ಆಹಾ! ಕೇಳಿದ್ರೇನ್ರೋ? ಪೇಟೆಯಿಂದ ಬಂದ ಅಮ್ಮಾವ್ರಿಗೆ ಸತ್ತವರ ಹಿತ್ತಲಿನ ತರಕಾರಿ ಬೇಕಂತೆ!" ಕಾಚಿಂಗ್ವೆ ತೊಡೆ ತಟ್ಟಿದ. "ನಮಗೆ ಕೊಡಬೇಕಾದ ಕೋಳೀನೇ ಇನ್ನೂ ಬಂದಿಲ್ಲ. ಇವರಿಗೆ ಪಲ್ಯ ಬೇರೆ!"

"ಒಂದೇ ಕಾಯಿ. ಓದೋದಕ್ಕೆ."

"ಓದೋಕೆ ಪುಸ್ತಕ ತಗೊಳ್ಳವ್ವ. ತೋಪಿನದು ತೋಪಿಗೆ." ಈ ಸಲ ಅವನು ನಗಲಿಲ್ಲ. "ಒಂದು ಎಲೆ ಹೊರಗೆ ಹೋಯ್ತೋ, ಮುಂದಿನ ಗುಂಡಿ ನಿನ್ನ ಕೈಲೇ ತೋಡಿಸ್ತೀನಿ."

ಮಾರನೆಯ ದಿನವೇ ಉಪಿಲೆ ನನ್ನನ್ನು ಎಳೆದುಕೊಂಡು ಅಜ್ಜನ ಮನೆಗೆ ಹೋದಳು. ಬಾಗಿಲಲ್ಲಿ ನಿಂತೇ, "ಅಗೋಗೋ, ಅದು ಗುಡ್ಡದ್ದಲ್ಲ. ತೋಪಿನದು" ಎಂದಳು.

ಅವರು ಕನ್ನಡಕ ತೆಗೆದಿಟ್ಟರು. ಆಮೇಲೆ ಕುರ್ಚಿಯ ಕೈ ಸವರುತ್ತ ಹೇಳಿದರು: "ಹೆಂಡತಿ ಹೋದ ಮೇಲೆ ಗಂಡನಿಗೆ ಆ ಊರಲ್ಲಿ ಏನಿದೆ? ಸೂತಕ ಕಳೆದ ದಿನ ನನ್ನ ಚಾಪೆ ಸುತ್ತಿ ಕೈಗೆ ಕೊಟ್ರು, ನಿನ್ನ ಜನದ ಹತ್ರ ಹೋಗಪ್ಪಾ ಅಂತ. ತಪ್ಪಲ್ಲ, ಪದ್ಧತಿ. ಹೊರಡೋ ಮುಂಚೆ ಒಂದ್ಸಲ ತೋಪಿಗೆ ಹೋಗಿ ಬರ್ತೀನಿ ಅಂದೆ. ತಲೆ ಎತ್ತಿದೆ, ಕಂಡಿತು. ಕಿತ್ತು ಅಂಗಿ ಒಳಗೆ ಇಟ್ಕೊಂಡೆ. ಚೀಟೀಲಿ ಸ್ಮಶಾನ ಅಂತ ಬರೆಯೋಕಾಗುತ್ತಾ? ಗುಡ್ಡ ಅಂತ ಬರೆದೆ." ಇದ್ದಕ್ಕಿದ್ದಂತೆ ಅವರ ಮುಖ ಅರಳಿತು. "ಅಂದ್ರೆ ಇನ್ನೂ ಇದೆ! ನೀನೇ ನೋಡಿದೆ! ಹಾಗಾದ್ರೆ ಅವಳ ಹೆಸರು ನಿಂತ ಹಾಗೇ."

ಉಪಿಲೆ ನಿಂತಲ್ಲೇ ಕಾಲು ಬದಲಾಯಿಸಿದಳು. ಹೇಳಬೇಡ ಕಣೇ ಎಂದು ನಾನು ಕಣ್ಣಲ್ಲೇ ಬೇಡಿಕೊಂಡೆ.

"ನಮ್ಮ ಕಪಾಟಿನಲ್ಲಿರೋ ಅಲಸಂದೆ ಎಲ್ಲಾ ಸುಟ್ಟ ನೆಲದ್ದು, ಅಗೋಗೋ," ಎಂದಳು. "ಬಿಸಿಲಲ್ಲಿ, ಬೆಂಕಿ ಬಿದ್ದ ಮೇಲೆ ಚಿಗುರಿದ್ದು. ತೋಪಿನಿಂದ ಯಾರೂ ಏನನ್ನೂ ಕಿತ್ತಿಲ್ಲ. ಬಿಳಿಯರಿಗೂ ನಮ್ಮವರೇ ದಾರಿ ತೋರಿಸಿದ್ದು, ಅವರನ್ನೂ ಒಳಗೆ ಬಿಟ್ಟಿಲ್ಲ. ಇಷ್ಟು ವರ್ಷದಲ್ಲಿ ಒಬ್ಬರೇ ಒಬ್ಬರು ಕಿತ್ತಿದ್ದು, ನೀವು. ಅದು ಬೇರೆ ಬಗೆನಾ, ಅಥವಾ ಅದೇ ಗಿಡ ನೆರಳಲ್ಲಿ ಬೆಂಕಿ ಕಾಣದೆ ಹಾಗೆ ಬೆಳೆದಿದೆಯಾ? ನೀವೇ ನನ್ನ ಜಾಗದಲ್ಲಿದ್ರೆ ಕೇಳ್ತಿರಲಿಲ್ವಾ?"

ಅಜ್ಜ ಎದ್ದು ಒಳಗೆ ಹೋದರು. ಬಾಗಿಲು ಹಾಕಿದ ಸದ್ದಾಯಿತು.

ಆ ವಾರ ಗುರುವಾರ ಬಂತು, ಅವರು ಬರಲಿಲ್ಲ. ಮಿನಿಬಸ್ಸು ಬಂದು ನಿಂತು ಹೋದಾಗಲೆಲ್ಲ ಉಪಿಲೆ ಕಿಟಕಿಗೆ ಓಡುತ್ತಿದ್ದಳು. ಮುಂದಿನ ಗುರುವಾರವೂ ಇಲ್ಲ. ಉಗುರು ಕಚ್ಚಿ ಕಚ್ಚಿ ಬೆರಳಿನ ತುದಿ ಕೆಂಪಾಗಿತ್ತು. "ಹೆಸರು ಇರಲಿ ಅಂತ ಬರೆದುಬಿಡಲಾ ಅಕ್ಕ?" ಎನ್ನುವಳು. ನಾನು ಬಾಯಿ ತೆರೆಯುವ ಮೊದಲೇ, "ಬೇಡ, ಸುಳ್ಳು" ಎಂದು ತಾನೇ ಹೇಳಿ ಎದ್ದು ಹೋಗುವಳು. ಮಳೆ ಜೋರಾಗಿತ್ತು. ಬಿತ್ತುವ ಕಾಲ ಕೈಜಾರುತ್ತಿತ್ತು.

ಮೂರನೆಯ ಗುರುವಾರ ಕೋಲಿನ ಸದ್ದು ಕೇಳಿತು. ಅಜ್ಜ ಒಳಗೆ ಬಂದು ತಮ್ಮ ಮಾಮೂಲಿ ಕುರ್ಚಿಯಲ್ಲಿ ಕೂತರು. ಟೀ ಕುಡಿದರು. ಆಮೇಲೆ ಯಾರ ಮುಖವನ್ನೂ ನೋಡದೆ, "ತೋಪಿನಿಂದ ಹೊರಗೆ ತರೋ ಹಾಗಿಲ್ಲ. ಒಳಗೆ ತಗೊಂಡು ಹೋಗಬೇಡಿ ಅಂತ ಯಾರೂ ಹೇಳಿಲ್ಲ" ಎಂದರು. "ಗುಡ್ಡದ ಬೀಜ ಇದೆಯಲ್ಲ ನಿನ್ನ ಹತ್ರ?"

ಉಪಿಲೆ ಒಂದೇ ಕಾಯಿಯ ಬೀಜಗಳನ್ನು ಬೇರೆಯಾಗಿ ತೆಗೆದಿಟ್ಟಿದ್ದಳು. ಕಾಡಿನ ಬೀಜಕ್ಕೆ ಗಟ್ಟಿ ಸಿಪ್ಪೆ. ಹಾಗೇ ಬಿತ್ತಿದರೆ ವರ್ಷಗಟ್ಟಲೆ ಮಲಗಿರುತ್ತದೆ. ಉಗುರು ಕತ್ತರಿಸುವ ಕತ್ತರಿಯಲ್ಲಿ ಅಜ್ಜ ಒಂದೊಂದರ ಸಿಪ್ಪೆಯನ್ನೂ ಚೂರು ಚೂರೇ ಚಿವುಟಿದರು. ಒಂದು ಬೀಜವೂ ಕೆಡಲಿಲ್ಲ. ಅರ್ಧ ನಮ್ಮ ಆಫೀಸಿನ ಅಂಗಳದ ಬಿಸಿಲಿನಲ್ಲಿ ಡಬ್ಬಗಳಿಗೆ ಹೋಯಿತು. ಉಳಿದರ್ಧ ಅಜ್ಜನ ಕರ್ಚೀಫಿನ ಗಂಟಿಗೆ.

ಚಿಲೊಂಬೆಯಲ್ಲಿ ಅಜ್ಜನನ್ನು ನೋಡಿ ಕಾಚಿಂಗ್ವೆ ಸೈಕಲ್ಲಿನಿಂದ ಇಳಿದ. "ಅಳಿಯಂದಿರು! ಚಾಪೆ ಸುತ್ತಿ ಕಳಿಸಿದ್ರೆ ಇಷ್ಟು ಬೇಗ ವಾಪಸ್ ಬರೋದಾ?"

"ಕಾಲು ನಿಧಾನ ಕಣಪ್ಪ. ಬರೋದರಲ್ಲಿ ಮುದುಕನಾಗಿಬಿಟ್ಟೆ," ಎಂದರು ಅಜ್ಜ. ಆಮೇಲೆ ಗಂಟು ತೋರಿಸಿ ಕೇಳಿದರು.

ಕಾಚಿಂಗ್ವೆ ತಲೆ ಕೆರೆದುಕೊಂಡ. ಉಳಿದ ಮೊಮ್ಮಕ್ಕಳನ್ನು ಕರೆದು ಗುಸುಗುಸು ಮಾಡಿದ. "ಹೆಂಡತಿ ತಲೆದೆಸೆಗೆ ಗಂಡ ಅಲಸಂದೆ ಬಿತ್ತಬಾರದು ಅಂತ ನಮಗೆ ಯಾರೂ ಹೇಳಿಕೊಟ್ಟಿಲ್ಲ. ಆದರೆ ಬೆಳೆದಿದ್ದು ಅವಳದು. ನಿಮ್ಮದಲ್ಲ."

"ಅವಳದೇ," ಎಂದರು ಅಜ್ಜ. ಅದೊಂದು ಸಲಕ್ಕೆ ಮೊಮ್ಮಕ್ಕಳು ಅವರೊಬ್ಬರನ್ನೇ ಒಳಗೆ ಕರೆದೊಯ್ದು ಬಿತ್ತಿಸಿದರು.

ಆಮೇಲಿನ ಕಾಯುವಿಕೆಯನ್ನು ಏನೆಂದು ಹೇಳಲಿ! ಉಪಿಲೆ ದಿನಾ ಬೆಳಿಗ್ಗೆ ಅಂಗಳದ ಡಬ್ಬಗಳ ಮುಂದೆ ಕುಕ್ಕರಗಾಲಲ್ಲಿ ಕೂರುವಳು. ಮೊದಲ ಎಲೆ ಬಂತು, ಸಣ್ಣದು. ಮೂರೆಲೆಯ ಗೊಂಚಲು ಬಂತು, ಅದೂ ಈಟಿಮೊನೆ, ಅದೇ ಒರಟು ಕೂದಲು. ತೋಪಿನಲ್ಲಿ ಏನಾಗುತ್ತಿದೆ? ಹೋಗಿ ನೋಡುವಂತಿಲ್ಲ, ಊರಲ್ಲಿ ಸಾವಿಲ್ಲದೆ ತೋಪಿಗೆ ಕಾಲಿಡುವಂತಿಲ್ಲ. "ಯಾರಾದರೂ ಸಾಯಬಾರದಾ ಅಂತ ಅನ್ನಿಸಿಬಿಡುತ್ತೆ ಅಕ್ಕ," ಎಂದು ಒಂದು ದಿನ ಬಾಯಿ ಬಿಟ್ಟು, ತಾನೇ ಬೆಚ್ಚಿ ಬಾಯಿ ಮುಚ್ಚಿಕೊಂಡಳು.

ಅಜ್ಜ ಮಾತ್ರ ವಿಚಿತ್ರವೆನಿಸುವಷ್ಟು ಶಾಂತರಾಗಿದ್ದರು ಎಂದುಕೊಂಡಿದ್ದೆ. ಒಂದು ಗುರುವಾರ ನೋಡುತ್ತೇನೆ, ಅವರು ಕೆಂಪು ಹೊದಿಕೆ ಬಿಚ್ಚಿಟ್ಟುಕೊಂಡು ಹಳೆಯ ಹಾಳೆಯ ಎಲೆಯ ಮೇಲೆ ಬೆರಳು ತಾಗಿಸದೆ, ಗಾಳಿಯಲ್ಲೇ ಅದರ ಅಂಚನ್ನು ಮತ್ತೆ ಮತ್ತೆ ಗೀರುತ್ತಿದ್ದರು.

ಮಳೆ ಕಡಿಮೆಯಾಗತೊಡಗಿದಾಗ ತೋಪಿನ ಸುತ್ತ ಹುಲ್ಲು ಸವರುವ ದಿನ ಬಂತು. ಅಂದು ಊರಿಗೆ ಊರೇ ಒಳಗೆ ಹೋಗಬಹುದು. ಉಪಿಲೆ ಅಂಗಳದ ಒಂದು ಡಬ್ಬವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಕೂತಳು. ದಾರಿಯುದ್ದಕ್ಕೂ ಕಾಲು ಕುಣಿಯುತ್ತಿತ್ತು. ಡಬ್ಬದ ಎಲೆಯೂ ಕುಣಿಯುತ್ತಿತ್ತು. ಒಳಗೆ ಹೋಗುವಾಗ ಕಾಚಿಂಗ್ವೆ, "ಡಬ್ಬ ಮಾತ್ರ ಒಳಗೇ ಉಳೀಬೇಕು, ಈಗಲೇ ಹೇಳಿದೀನಿ" ಎಂದ. ಆಗಲಿ ಎಂದಳು.

ತಿಸುಂಗೆಯ ಸಮಾಧಿಯ ತಲೆದೆಸೆಯಲ್ಲಿ ಅಜ್ಜ ನೆಟ್ಟಿದ್ದ ಕಡ್ಡಿಗಳನ್ನು ಹತ್ತಿ ಮೂರು ಎಳೆಯ ಬಳ್ಳಿಗಳು ಪಕ್ಕದ ಮರ ಹಿಡಿದಿದ್ದವು. ಎಲೆಗಳು ಅಗಲ, ನುಣುಪು, ತೆಳು. ಮೇಲೆ ಹಬ್ಬಿದ್ದ ಹಳೆಯ ಬಳ್ಳಿಯ ಎಲೆಯಂತೆಯೇ, ಕೆಂಪು ಹೊದಿಕೆಯ ಹಾಳೆಯ ಎಲೆಯಂತೆಯೇ. ಪಕ್ಕದಲ್ಲಿ ಉಪಿಲೆ ಇಟ್ಟ ಡಬ್ಬದಲ್ಲಿ, ಅದೇ ಕಾಯಿಯಲ್ಲಿ ಜೊತೆಗೆ ಮಲಗಿದ್ದ ಬೀಜದ ಗಿಡ, ಮುಳ್ಳುಹಂದಿಯ ಮರಿಯಂತೆ ಸಣ್ಣೆಲೆ ನಿಮಿರಿಸಿಕೊಂಡು ನಿಂತಿತ್ತು.

ಅಜ್ಜ ಕಷ್ಟಪಟ್ಟು ಮಂಡಿಯೂರಿ ಕೂತರು. ಅಗಲದ ಎಲೆಯೊಂದನ್ನು ಕೀಳದೆ ಅಂಗೈ ಮೇಲೆ ಇಟ್ಟುಕೊಂಡರು.

ಉಪಿಲೆ ಅಳುತ್ತಿದ್ದಳು. "ನಾನು ಬೇಕಾದ್ರೆ ಇನ್ನೊಂದು ವರ್ಷ ನೋಡಿ ಅಂತ ಬರೀತೀನಿ ಅಗೋಗೋ. ಇನ್ನೂ ಬೀಜ ಬಿತ್ತಬೇಕು, ಬೇರೆ ತೋಪುಗಳನ್ನ ನೋಡಬೇಕು ಅಂತ..."

"ನನ್ನ ಶಿಷ್ಯೆ ಹಾಗೆ ಬರೆದ್ರೆ ನಾನು ಆ ಪುಸ್ತಕ ಮುಟ್ಟಲ್ಲ," ಎಂದರು ಅವರು, ತಿರುಗದೆಯೇ. ಅಂಗೈ ಮೇಲಿನ ಎಲೆಯನ್ನು ಮೆಲ್ಲಗೆ ಬಿಟ್ಟು, "ಅವಳಿದ್ದಿದ್ರೆ ನಗ್ತಿದ್ಲು. ಇಷ್ಟು ವರ್ಷ ನೆರಳಿಗೆ ನನ್ನ ಹೆಸರಿಟ್ಟಿದ್ದೆಯಾ ಅಂತಿದ್ಲು" ಎಂದರು.

ತೋಪಿನ ಅಂಚಿನಲ್ಲಿ ನಾನು ಅವರ ಪ್ಯಾಂಟಿಗೆ ಅಂಟಿದ್ದ ಹುಲ್ಲಿನ ಬೀಜಗಳನ್ನು ಕಿತ್ತು ಒಳಕ್ಕೆ ಎಸೆದೆ. ಅವರು ಎರಡೂ ಕೈ ಬಿಚ್ಚಿ ಕಾಚಿಂಗ್ವೆಗೆ ತೋರಿಸಿದರು. ಅವನು ಗೇಲಿ ಮಾಡಲಿಲ್ಲ, ತಲೆ ಬಗ್ಗಿಸಿದ.

ಆ ವಾರದ ಗುರುವಾರ ಅವರು ಬೇಗ ಬಂದರು. ಹೆಸರು ಬದಲಾದರೆ ಹಳೆಯ ಚೀಟಿಯನ್ನು ನಾವು ಕೀಳುವುದಿಲ್ಲ, ಹೊಸ ಚೀಟಿಯನ್ನು ಅದರ ಮೇಲ್ಗಡೆ ಜಾಗ ನೋಡಿ ಅಂಟಿಸುತ್ತೇವೆ. ಅದನ್ನು ಉಪಿಲೆ ಬರೆಯಬೇಕಿತ್ತು. ಪೆನ್ನು ಹಿಡಿದು ಕೂತೇ ಇದ್ದಳು. ಅಜ್ಜ ಅವಳ ಕೈಯಿಂದ ಪೆನ್ನು ತೆಗೆದುಕೊಂಡು ಸಾಮಾನ್ಯ ಕಾಡು ಅಲಸಂದೆಯ ಹೆಸರನ್ನು ದುಂಡಗೆ ಬರೆದು, ಕೆಳಗೆ ತಮ್ಮ ಸಹಿ ಹಾಕಿ, ನನ್ನ ಕಡೆ ಸರಿಸಿದರು. ಹಳೆಯ ಚೀಟಿಯಲ್ಲಿ 'ಗುಡ್ಡ' ಎಂದಿದ್ದುದರ ಪಕ್ಕದಲ್ಲೂ ಪೆನ್ಸಿಲ್ಲಿನಲ್ಲಿ ಒಂದು ಮಾತು ಸೇರಿಸಿದರು: ಸ್ಮಶಾನದ ತೋಪು, ತಿಸುಂಗೆಯ ಬಳಿ.

"ಕೆಂಪು ಹೊದಿಕೆ ತೆಗೀಬೇಕಾ?" ಎಂದು ಕೇಳಿದೆ. ನನಗೆ ಅದೇ ಸಂಕಟ.

"ಅದು ಇರುತ್ತೆ ಅಕ್ಕ," ಎಂದಳು ಉಪಿಲೆ. "ಹೆಸರು ಕೆಳಗಿಳಿದ್ರೂ ಅದಕ್ಕೆ ಆಧಾರ ಈ ಹಾಳೇನೇ. ಪುಸ್ತಕದಲ್ಲೂ ಅಜ್ಜಿ ಬರ್ತಾರೆ, ಪರ್ಯಾಯ ಹೆಸರುಗಳ ಸಾಲಲ್ಲಿ, ಸಣ್ಣಕ್ಷರದಲ್ಲಿ."

"ಯಾವ ಪುಟ?" ಎಂದರು ಅಜ್ಜ.

ಈ ಸಲ ಅವಳು ಎದ್ದು ಹೋಗಲಿಲ್ಲ. "ಇನ್ನೂ ಗೊತ್ತಿಲ್ಲ, ಅಗೋಗೋ. ಗೊತ್ತಾದ ತಕ್ಷಣ ಹೇಳ್ತೀನಿ."

ನಾನು ಅಂಟು ಹಚ್ಚಿ ಚೀಟಿ ಕೂರಿಸಿದೆ. ಅಂಟು ಹಿಡಿಯುವ ತನಕ ಅಜ್ಜ ಅದರ ಮೇಲೆ ಬೆರಳಿಟ್ಟು ಅದುಮಿ ಹಿಡಿದಿದ್ದರು. ಆಗ ಮೇಜು ಅಲುಗಿತು. ತಲೆ ಎತ್ತಿದರೆ ಉಪಿಲೆ ಎದ್ದು ಕಪಾಟುಗಳ ಸಾಲಿನ ಮುಂದೆ ಅತ್ತಿಂದಿತ್ತ ನಡೆಯುತ್ತಿದ್ದಳು, ಒಂದೊಂದರ ಬಾಗಿಲನ್ನೂ ಮುಟ್ಟಿ ಮುಟ್ಟಿ.

"ಈಗೇನೇ ಮತ್ತೆ?" ಎಂದೆ.

"ಇದೆಲ್ಲ ಸುಟ್ಟ ನೆಲದ್ದೇ ಅಕ್ಕ," ಎಂದಳು. "ಹುರುಳಿ, ಹೆಸರುಕಾಳು, ಹುಲ್ಲು, ಅತ್ತಿ, ಎಲ್ಲಾ. ನಮ್ಮ ದೇಶದಲ್ಲಿ ಎಷ್ಟು ತೋಪುಗಳಿರಬಹುದು?"

ಅಜ್ಜ ಚೀಟಿಯ ಮೇಲಿನ ಬೆರಳು ತೆಗೆಯದೆಯೇ ನಕ್ಕರು. "ಕಾಚಿಂಗ್ವೆಗೆ ಒಂದು ಕೋಳಿ ತಗೊಂಡು ಹೋಗು ತಾಯಿ," ಎಂದರು. "ಅಲ್ಲಿಂದ ಶುರು ಮಾಡು."